ಊರಿನ ಅತಿ ದೊಡ್ಡ ಸೆಪಿಯೊ

ಸಾನ್ ತೆಲ್ಮೊದ ನೌತಿಲಿಯೊ ಬಸ್ಸು ಓಡಿಸುವುದನ್ನು ಬಿಟ್ಟು ಮನೆಯಲ್ಲಿ ಕೂತ ಮೇಲೂ ಹಾರ್ನ್ ಹೊಡೆಯುವುದನ್ನು ಬಿಟ್ಟಿರಲಿಲ್ಲ. ಬಸ್ಸಿನ ಹಾರ್ನು ಕಂಪನಿಗೆ ಹೋಯಿತು. ಗಂಟಲಿನದು ಅವನ ಬಳಿಯೇ ಉಳಿಯಿತು. ಕಾಫಿ ಆರಿದ್ದರೆ ಒಂದು ಸಲ, ಪಕ್ಕದ ಮನೆಯ ಕೋಳಿ ಅಂಗಳಕ್ಕೆ ಬಂದರೆ ಒಂದು ಸಲ, ಮಳೆ ಬಂದರೂ ಒಂದು ಸಲ, ಬರದಿದ್ದರೂ ಒಂದು ಸಲ. ಅವನ ಮನೆಯಿಂದ ಸದ್ದು ಕೇಳದ ದಿನ ಊರಿನವರು ಅವನ ಹೆಂಡತಿ ಸೆನೆಯ್ದಾಳನ್ನು ನಿಲ್ಲಿಸಿ, “ಯಜಮಾನರಿಗೆ ಮೈ ಹುಷಾರಿಲ್ವಾ?” ಎಂದು ವಿಚಾರಿಸುತ್ತಿದ್ದರು.

ಅವನಿಗೆ ಒಂದೇ ಒಂದು ಹೆಮ್ಮೆ. ಹುಟ್ಟಿದಾಗಿನಿಂದ ಯಾರಿಗೂ ಬೆಣ್ಣೆ ಹಚ್ಚಿದವನಲ್ಲ. ಬಸ್ ಕಂಪನಿಯ ಧಣಿ ತನ್ನ ಮಗಳ ಮದುವೆಯಲ್ಲಿ “ಹೇಗಿದ್ದಾಳೆ ನಮ್ಮ ಹುಡುಗಿ?” ಎಂದು ಕೇಳಿದಾಗ, “ತುಂಬಾ ಬೆವರಿದ್ದಾರೆ” ಎಂದು ಉತ್ತರ ಕೊಟ್ಟವನು. ಅದಕ್ಕೇ ಕೊನೆಯ ದಿನದವರೆಗೂ ಬಾಗಿಲು ಮುಚ್ಚದ ಬಸ್ಸೇ ಅವನ ಪಾಲಿಗೆ ಬಂತು. “ಬಾಗಿಲು ಇಲ್ಲದಿದ್ರೆ ಇಲ್ಲ. ನಾನಂತೂ ಯಾರ ಸೆಪಿಯೊನೂ ಅಲ್ಲ” ಎಂದು ಎದೆಯುಬ್ಬಿಸಿ ಹೇಳುತ್ತಿದ್ದ.

ಸೆಪಿಯೊ ಎಂದರೆ ಕೊಸ್ಟ ರಿಕದಲ್ಲಿ ಮರ ಕೀಸುವ ಹತ್ತರಿ. ಕೈಯಲ್ಲಿ ಹಿಡಿಯುವ ಹತ್ತರಿಯೂ ಅದೇ, ಕರೆಂಟಿನಲ್ಲಿ ಓಡುವ ಯಂತ್ರವೂ ಅದೇ. ದೊಡ್ಡವರಿಗೆ ಬೆಣ್ಣೆ ಹಚ್ಚಿ ಕೆಲಸ ಮಾಡಿಸಿಕೊಳ್ಳುವ ಮನುಷ್ಯನಿಗೂ ಅದೇ ಹೆಸರು. ಉಬ್ಬುತಗ್ಗನ್ನು ನುಣ್ಣಗೆ ಮಾಡುವ ಕಸುಬು ಎರಡರದೂ ಒಂದೇ ಆದ್ದರಿಂದ ಎರಡು ಹೆಸರು ಯಾಕೆ ದಂಡ ಎಂದು ಅಲ್ಲಿಯ ಹಿರಿಯರಿಗೆ ಅನ್ನಿಸಿರಬೇಕು. ಬೀದಿಗೆ ಬೀದಿಯೇ ಬಡಗಿಗಳಿಂದ ತುಂಬಿದ ಸಾನ್ ತೆಲ್ಮೊದಲ್ಲಿ ಈ ಮಾತು ಬೆಳಗಿನಿಂದ ಸಂಜೆಯವರೆಗೆ ಬಾಯಿಂದ ಬಾಯಿಗೆ ಓಡಾಡುತ್ತಿತ್ತು. ಯಾರಿಗೂ ತೊಂದರೆಯಾಗಿರಲಿಲ್ಲ. ತೊಂದರೆಯಾಗಲು ಬಡಗಿಯಲ್ಲದ ಒಬ್ಬ ಬೇಕಾಗಿತ್ತು.

ಕ್ರಿಸ್‌ಮಸ್ಸಿಗೆ ಮುಂಚೆ ಅಲ್ಲಿ ಮನೆಮಂದಿಯೆಲ್ಲ ಒಂದು ಕಡೆ ಸೇರಿ ತಮಾಲ್ ಮಾಡುತ್ತಾರೆ. ಬಾಳೆ ಎಲೆ ಒರೆಸುವವರು, ಮೆಕ್ಕೆಜೋಳದ ಹಿಟ್ಟು ಹಾಕುವವರು, ಹಂದಿಮಾಂಸದ ತುಂಡು ಇಡುವವರು, ಮಡಚಿ ಜೋಡಿಜೋಡಿಯಾಗಿ ದಾರ ಸುತ್ತುವವರು, ಎಲ್ಲರೂ ಒಂದೇ ಉದ್ದ ಮೇಜಿನ ಎರಡು ಬದಿಗೆ. ನೌತಿಲಿಯೊನ ತಾಯಿ ಎದುವಿಹೆಸ್ ಅಜ್ಜಿಯ ಮೇಜು ಹೋದ ವರ್ಷ ಗೆದ್ದಲು ತಿಂದು, ಹಿಟ್ಟಿನ ಹಂಡೆಯ ಸಮೇತ ನೆಲಕ್ಕೆ ಕೂತಿತ್ತು. ಅಜ್ಜಿ ಹಂಡೆಯನ್ನು ತೊಳೆದು ಬೋರಲು ಹಾಕಿ ತೀರ್ಪು ಕೊಟ್ಟಳು.

“ಮುಂದಿನ ಸಲ ಯಾವ ಮಗನ ಮನೇಲಿ ಮೇಜಿರುತ್ತೋ ಅಲ್ಲಿ ಹಂಡೆ ಇಡ್ತೀನಿ. ಒಂದು ಸಲ ಇಟ್ಟ ಮೇಲೆ ಎತ್ತಲ್ಲ. ನಾನು ಹೋಗೋವರೆಗೂ ಅಲ್ಲೇ.”

ತಮ್ಮ ಎರ್ನಾನ್ ತಕ್ಷಣ, “ನಮ್ಮನೇಲಿ ಗಾಜಿನ ಮೇಜಿದೆ ಅಮ್ಮ, ಹೊಸದು” ಎಂದ.

“ಗಾಜಿನ ಮೇಲಾ?” ನೌತಿಲಿಯೊನ ಹಾರ್ನು ಮೊಳಗಿತು. “ತಮಾಲ್ ಏನು ಮೀನಾ, ಗಾಜಲ್ಲಿಟ್ಟು ನೋಡೋದಕ್ಕೆ? ಅಮ್ಮ, ಮೇಜು ನಾನು ಮಾಡ್ತೀನಿ. ಅಪ್ಪ ನೆಟ್ಟ ಗ್ವಾನಕಾಸ್ತೆ ಮರದ್ದು. ಕೈಯಾರೆ!”

ಗಾಳಿಗೆ ಬಿದ್ದ ಆ ಮರದಿಂದ ಕೊಯ್ಸಿದ ಹಲಗೆಯೊಂದು ಅವನ ಕೋಳಿಗೂಡಿನ ಹಿಂದೆ ಕಲ್ಲು ಹೇರಿಕೊಂಡು ಮಲಗಿತ್ತು. ಅಗಲ ಒಂದೂವರೆ ಮೊಳ, ದಪ್ಪ ನಾಲ್ಕು ಬೆರಳು, ಉದ್ದ ಅವನ ಹಳೆಯ ಬಸ್ಸಿನ ಅರ್ಧ. ಹಿರಿಯ ಮಗನ ಮನೆಗೆ ಬರಬೇಕಾದ ಹಂಡೆ ಒಂದು ಗಾಜಿನ ಹಾಳೆಯ ಮೇಲೆ ಹೋಗಿ ಕೂರುವುದೇ? ಡಿಸೆಂಬರ್ ಬರುತ್ತಲೇ ನೌತಿಲಿಯೊ ಕೈ ಹತ್ತರಿಯೊಂದನ್ನು ಎರವಲು ತಂದು ಹಲಗೆಯ ಮೇಲೆ ಬಿದ್ದ. ಒಂದು ವಾರ ಬೈದುಕೊಂಡು ಕೀಸಿದ. ಮೊದಲು ಹಲಗೆ ಸ್ವಲ್ಪ ಸೊಟ್ಟಗಿತ್ತು. ವಾರದ ಕೊನೆಗೆ ಅದರ ಮೇಲೆ ಬೆಟ್ಟ, ಕಣಿವೆ, ನದಿಗಳೆಲ್ಲ ಮೂಡಿದ್ದವು.

ಸೆನೆಯ್ದಾ ಬಂದು ಒಂದು ನಿಂಬೆಹಣ್ಣನ್ನು ಹಲಗೆಯ ಮೇಲೆ ಇಟ್ಟಳು. ಅದು ಒಂದು ಕಣಿವೆ ಹಿಡಿದು ಓಡಿ, ತಿರುವು ತೆಗೆದುಕೊಂಡು, ಕೆಳಗೆ ಬಿದ್ದು ಕೋಳಿಗೂಡಿನೊಳಗೆ ಹೋಯಿತು.

“ತಮಾಲ್ ಇಲ್ಲಿಟ್ರೆ ಎರ್ನಾನ್ ಮನೆಗೇ ಹೋಗಿ ನಿಲ್ಲುತ್ತೆ” ಎಂದಳು. “ದೋನ್ ಬೆಲಾರ್ಮಿನೊ ಹತ್ರ ಯಂತ್ರ ಇದೆ. ಹೋಗಿ ಎರಡು ಒಳ್ಳೆ ಮಾತಾಡಿ ಕೇಳಿ.”

“ಕೇಳ್ತೀನಿ. ಒಳ್ಳೆ ಮಾತಾಡಲ್ಲ.”

ಊರಿನ ಉಳಿದ ಬಡಗಿಗಳ ಯಂತ್ರಗಳೆಲ್ಲ ಕುರ್ಚಿಯ ಕಾಲು, ತೊಟ್ಟಿಲ ಪಟ್ಟಿ ನುಂಗುವಷ್ಟು ಬಾಯಿಯವು. ಇಷ್ಟಗಲದ ಹಲಗೆಯನ್ನು ನುಂಗುವ ಎರಕದ ದೈತ್ಯ ಇದ್ದದ್ದು ಬೆಲಾರ್ಮಿನೊನ ಕಾರ್ಖಾನೆಯಲ್ಲಿ ಮಾತ್ರ. (‘ದೋನ್’ ಎನ್ನುವುದು ಅಲ್ಲಿ ಹಿರಿಯರ ಹೆಸರಿನ ಮುಂದೆ ಸೇರಿಸುವ ಗೌರವ.) ನೌತಿಲಿಯೊ ನೇರವಾಗಿ ಅಲ್ಲಿಗೆ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ದಾರಿಯಲ್ಲಿ ತೆರ್ಸಿಲಿಯಾಳ ಅಂಗಡಿಗೆ ನುಗ್ಗಿದ. ಅಂಗಡಿ ತುಂಬಾ ಜನ. ಯಾರೋ “ಮೇಜು ಎಲ್ಲಿಗೆ ಬಂತು?” ಎಂದು ಕಿಚಾಯಿಸಿದರು. ನೌತಿಲಿಯೊ ಕೌಂಟರ್ ಗುದ್ದಿ ಹೇಳಿದ:

“ಬರುತ್ತೆ! ಈ ತಾಲ್ಲೂಕಿಗೇ ಅತಿ ದೊಡ್ಡ ಸೆಪಿಯೊ ಬೆಲಾರ್ಮಿನೊಂದೇ! ಅವರ ಹತ್ರ ಹೋಗ್ತಾ ಇದೀನಿ!”

ಆ ಹೊತ್ತಿಗೆ ತೆರ್ಸಿಲಿಯಾ ಕಾಫಿ ಬೀಜ ಪುಡಿ ಮಾಡುತ್ತಿದ್ದಳು. ಪುಡಿ ಯಂತ್ರದ ಗದ್ದಲದಲ್ಲಿ ‘ಬೆಲಾರ್ಮಿನೊಂದೇ’ ಎನ್ನುವುದು ಅವಳ ಕಿವಿಗೆ ‘ಬೆಲಾರ್ಮಿನೊನೇ’ ಎಂದು ತಲುಪಿತು. ಇಷ್ಟೇ ಆದದ್ದು. ಮಾತಿನಿಂದ ಒಂದು ಸೊನ್ನೆ ಉದುರಿ, ‘ದೇ’ ಹೋಗಿ ‘ನೇ’ ಆಯಿತು. ಆದರೆ ಅದೇ ವಾರ ಬೆಲಾರ್ಮಿನೊ ಪುರಸಭೆಯ ಅಧ್ಯಕ್ಷರ ಹುಟ್ಟುಹಬ್ಬಕ್ಕೆ ಹೋಗಿ ಬಂದಿದ್ದ. ಮಾರನೇ ದಿನ ಪುರಸಭೆಯ ಕುರ್ಚಿಗಳನ್ನೆಲ್ಲ ಮಾಡುವ ಕೆಲಸ ಅವನಿಗೆ ಸಿಕ್ಕಿತ್ತು. ಸೊನ್ನೆ ಉದುರಿದ ಜಾಗದಲ್ಲಿ ಬೆಂಕಿ ಹತ್ತಲು ಇಷ್ಟು ಸಾಕಾಯಿತು. ನೌತಿಲಿಯೊ ನಿಂತು ಬೆಲ್ಲದ ಬಿಸಿನೀರು ಕುಡಿದು ಲೋಟ ಇಡುವಷ್ಟರಲ್ಲಿ ಸುದ್ದಿ ಹಿಂಬಾಗಿಲಿನಿಂದ ಹೊರಟು ಬೆಲಾರ್ಮಿನೊನ ಗೇಟು ಮುಟ್ಟಿತ್ತು.

ನೌತಿಲಿಯೊ ಅಲ್ಲಿಗೆ ಹೋದಾಗ ಗೇಟಿನ ಮೇಲೆ ಬಣ್ಣ ಆರದ ಹಲಗೆಯೊಂದು ತೂಗುತ್ತಿತ್ತು: ‘ಈ ಮನೆಯಲ್ಲಿ ಸೆಪಿಯೊ ಇಲ್ಲ.’

ಬೆಲಾರ್ಮಿನೊ ಬರೆದದ್ದು ತನ್ನ ಮಾನದ ವಿಷಯ. ನೌತಿಲಿಯೊ ಓದಿದ್ದು ಯಂತ್ರದ ವಿಷಯ. ಒಳಗೆ ಯಂತ್ರ ಗುಂಯ್ ಎನ್ನುತ್ತಿದೆ. ಹೊರಗೆ ಯಂತ್ರ ಇಲ್ಲ ಎಂದು ಬೋರ್ಡು!

“ಕೇಳೋಕೆ ಮುಂಚೆನೇ ಇಲ್ಲ ಅಂತಾರಲ್ಲ!” ಎಂದು ಅವನು ಬೀದಿಗೆಲ್ಲ ಕೇಳುವಂತೆ ಕೂಗಿದ. “ಇಟ್ಕೊಳ್ಳಿ ನಿಮ್ಮ ಸೆಪಿಯೊನ! ಉಪ್ಪು ಹಾಕಿ ಬಾಳೆ ಎಲೇಲಿ ಸುತ್ತಿ ಇಟ್ಕೊಳ್ಳಿ!”

ಮನೆಗೆ ಬಂದರೆ ಸೆನೆಯ್ದಾ ಬಾಗಿಲಲ್ಲೇ ನಿಂತಿದ್ದಳು. ಅವಳಿಗೆ ಪೂರ್ತಿ ವರದಿ ಬಂದಾಗಿತ್ತು.

“ದೋನ್ ಬೆಲಾರ್ಮಿನೊ ಅವರನ್ನ ಬೆಣ್ಣೆ ಹಚ್ಚೋರು ಅಂದ್ರಂತೆ?”

“ನಾನಾ? ಅವರದ್ದು ದೊಡ್ಡದು ಅಂದೆ! ಅವರೇ ಅಂತ ಯಾರಂದ್ರು?”

“ಹಾಗಾದ್ರೆ ಹೋಗಿ ಬಿಡಿಸಿ ಹೇಳಿ.”

“ನಾನು ಯಾಕೆ ಹೇಳ್ಬೇಕು? ಹೇಳಿದ್ರೆ ಯಂತ್ರಕ್ಕೋಸ್ಕರ ಬೆಣ್ಣೆ ಹಚ್ಚಿದ ಹಾಗಾಗುತ್ತೆ. ಅವರೇ ಬಂದು ಕೇಳಲಿ, ‘ನೌತಿಲಿಯೊ, ನೀವು ನನ್ನ ಬೈದ್ರಾ?’ ಅಂತ. ಆಗ ಇಲ್ಲ ಅಂತೀನಿ.”

ಸೆನೆಯ್ದಾ “ನಿಮ್ಮ ಜೊತೆ ಬದುಕಿರೋದಕ್ಕೆ ನನಗೆ ಸ್ವರ್ಗದಲ್ಲಿ ಕಿಟಕಿ ಪಕ್ಕದ ಸೀಟು ಸಿಗ್ಬೇಕು” ಎಂದು ಒಳಗೆ ಹೋದಳು.

ಅತ್ತ ಬೆಲಾರ್ಮಿನೊನಿಗೆ ನಿದ್ದೆ ಹೋಗಿತ್ತು. ಬೀದಿಯಲ್ಲಿ ಯಾರು ನಕ್ಕರೂ ತನ್ನನ್ನು ನೋಡಿಯೇ ನಕ್ಕಂತೆ ಕಾಣುತ್ತಿತ್ತು. ತಾನು ಯಾರ ಸೆಪಿಯೊನೂ ಅಲ್ಲ ಎಂದು ತೋರಿಸಲು ಅವನು ಒಂದು ದಾರಿ ಹಿಡಿದ: ಸಿಕ್ಕಿದವರಿಗೆಲ್ಲ ಮುಖಕ್ಕೆ ಹೊಡೆದ ಹಾಗೆ ಮಾತಾಡುವುದು. ಪಾದ್ರಿಗಳಿಗೆ ಅವರ ಉಪದೇಶ ಉದ್ದ ಎಂದ. ಗಿರಾಕಿಯೊಬ್ಬಳಿಗೆ, “ನೀವು ಕೇಳಿರೋ ಬಣ್ಣ ಹಾಕಿದ್ರೆ ಬೀರುಗೆ ನಾಚಿಕೆ ಆಗುತ್ತೆ” ಎಂದ. ಕೊನೆಗೆ ಪುರಸಭೆ ಅಧ್ಯಕ್ಷರೇ ಬಂದು, ತಮ್ಮ ಕುರ್ಚಿಯ ಬೆನ್ನಿನ ಮೇಲೆ ಹದ್ದು ಕೆತ್ತಬೇಕೆಂದು ಹೇಳಿದಾಗ, “ನಿಮ್ಮ ಕುರ್ಚಿಗೆ ಹದ್ದು ಯಾಕೆ ಸ್ವಾಮಿ? ಕೋಳಿ ಸಾಕು” ಎಂದುಬಿಟ್ಟ. ಕುರ್ಚಿಯ ಕೆಲಸ ಅಂದೇ ನಿಂತಿತು.

ಕೆಲಸ ನಿಂತಾಗ ಯಂತ್ರ ನಿಂತಿತು. ಯಂತ್ರ ನಿಂತಾಗ ಮರದ ಹೊಟ್ಟು ನಿಂತಿತು. ಸಾನ್ ತೆಲ್ಮೊದಲ್ಲಿ ಪ್ರತಿ ಮನೆಯ ಕೋಳಿಗೂಡಿಗೂ ಬೆಲಾರ್ಮಿನೊನ ಹೊಟ್ಟೇ ಹಾಸಿಗೆ. ಕೋಳಿಗಳು ಬರಿನೆಲದಲ್ಲಿ ಮಲಗಬೇಕಾಗಿ ಬಂದು, ಮುನಿಸಿಕೊಂಡು ಮೊಟ್ಟೆ ಇಡುವುದನ್ನು ಕಡಿಮೆ ಮಾಡಿದವು. ಕ್ರಿಸ್‌ಮಸ್ ಕೇಕಿಗೆ ಮೊಟ್ಟೆ ಇಲ್ಲದ ಹೆಂಗಸರೆಲ್ಲ ಸೇರಿ ಮೂಲ ಹುಡುಕಿದರು. ಮೂಲ ನೌತಿಲಿಯೊ.

“ಊರಿನ ಕೋಳಿಗಳ ಬಾಯಿ ಕಟ್ಟಿಸಿದ್ರಲ್ಲ!” ಎಂದು ತೆರ್ಸಿಲಿಯಾ ಅಂಗಡಿಯಿಂದಲೇ ಕೂಗಿದಳು.

“ಕೋಳಿ ಬಾಯಲ್ಲಿ ಮೊಟ್ಟೆ ಇಡುತ್ತಾ? ನೀವು ಮೊದಲು ಕಿವಿಯಲ್ಲಿರೋ ಕಾಫಿಪುಡಿ ತೆಗೀರಿ!”

ಬಾಳೆ ಎಲೆ ಕೊಯ್ಯುವ ದಿನ ಹತ್ತಿರ ಬಂತು. ಎರ್ನಾನ್ ಗಾಜಿನ ಮೇಜಿಗೆ ಹೊಸ ಹೊದಿಕೆ ತಂದನೆಂಬ ಸುದ್ದಿಯೂ ಬಂತು. ಆಗ ಯಾರೋ ಕಸುಬು ಕಲಿಸುವ ಸರ್ಕಾರಿ ಶಾಲೆಯೊಂದರ ವಿಷಯ ಹೇಳಿದರು. ಪಕ್ಕದ ಊರಿನಲ್ಲಿತ್ತು, ಇನ್ನೂ ದೊಡ್ಡ ಯಂತ್ರ ಅಲ್ಲಿದೆಯಂತೆ. ನೌತಿಲಿಯೊ ಎತ್ತಿನಗಾಡಿಯ ತ್ರಾಂಕಿಲಿನೊನನ್ನು ಕರೆಸಿ ಹಲಗೆ ಹೇರಿಸಿದ. ತ್ರಾಂಕಿಲಿನೊ ಆತುರವೆಂಬುದು ಕಾಯಿಲೆ ಎಂದು ನಂಬಿದ್ದ ಮನುಷ್ಯ. ಅವನ ಎತ್ತುಗಳಾದ ಕಾನಾರಿಯೊ ಮತ್ತು ಪಾಲೊಮೊ ಅವನಿಗಿಂತ ನಿಧಾನ. ಗಾಡಿ ಶಾಲೆ ತಲುಪಿದಾಗ ಕೌಂಟರಿನಲ್ಲಿದ್ದ ಹೆಂಗಸು ಊಟದ ಡಬ್ಬಿ ತೆಗೆಯುತ್ತಿದ್ದಳು.

“ಯಂತ್ರ ವಿದ್ಯಾರ್ಥಿಗಳಿಗೆ ಮಾತ್ರ ಸ್ವಾಮಿ.”

“ಹಾಗಾದ್ರೆ ಈಗಿಂದ ನಾನು ವಿದ್ಯಾರ್ಥಿ.”

“ಸಂತೋಷ. ಮೊದಲು ಸುರಕ್ಷತೆ. ಆಮೇಲೆ ಪೆನ್ಸಿಲ್. ಆಮೇಲೆ ಕೈ ಗರಗಸ. ಯಂತ್ರ ಕೊನೇದು.”

“ಪೆನ್ಸಿಲ್?”

“ಗೆರೆ ಎಳೆಯೋದು ಕಲಿಸ್ತಾರೆ.”

“ಮೂವತ್ತು ವರ್ಷ ಬೆಟ್ಟದ ರಸ್ತೇಲಿ ಗೆರೆ ದಾಟದೆ ಬಸ್ ಓಡಿಸಿದೀನಮ್ಮ ನಾನು! ಯಂತ್ರ ಯಾವಾಗ ಮುಟ್ಟಬಹುದು?”

“ಈಸ್ಟರ್ ಕಳೀಲಿ.”

“ನಮ್ಮ ತಾಯಿ ತಮಾಲ್ ಮಾಡೋದು ಈ ಡಿಸೆಂಬರಲ್ಲಿ!”

“ಅವರೂ ಸೇರಬಹುದು” ಎಂದಳು ಅವಳು, ಡಬ್ಬಿಯ ಮುಚ್ಚಳ ತೆಗೆಯುತ್ತಾ. “ನಮ್ಮಲ್ಲಿ ವಯಸ್ಸಿನ ಮಿತಿ ಇಲ್ಲ.”

ನೌತಿಲಿಯೊ ಹೊಡೆದ ಹಾರ್ನಿಗೆ ಗರಗಸದ ತರಗತಿಯಲ್ಲಿದ್ದವರೆಲ್ಲ ಹೊರಗೆ ಬಂದರಂತೆ. ಪ್ರಯೋಜನವಾಗಲಿಲ್ಲ. ಗಾಡಿ ಹಲಗೆಯ ಸಮೇತ ಹಿಂದಕ್ಕೆ ತಿರುಗಿತು. ದಾರಿಯುದ್ದಕ್ಕೂ ಅವನು ಶಾಲೆ, ಸರ್ಕಾರ, ಗಾಜಿನ ಮೇಜು, ಕೋಳಿ, ಬೆಲಾರ್ಮಿನೊ ಎಂದು ಸರದಿಯ ಮೇಲೆ ಬೈಯುತ್ತಾ ನಡೆದ. ತ್ರಾಂಕಿಲಿನೊ ಗಾಡಿಯ ಮುಂದೆ ಕೋಲು ಹಿಡಿದು, ಪ್ರತಿಯೊಂದು ಬೈಗುಳಕ್ಕೂ “ಹೌದು ಹೌದು” ಎನ್ನುತ್ತಿದ್ದ.

ಎತ್ತುಗಳ ವಿಷಯ ಇಬ್ಬರೂ ಮರೆತಿದ್ದರು. ಕಾನಾರಿಯೊ ಮತ್ತು ಪಾಲೊಮೊ ಕರುಗಳಾಗಿದ್ದಾಗಿನಿಂದ ಕಾಡಿನ ಮರ ಎಳೆದದ್ದು ಬೆಲಾರ್ಮಿನೊನ ಕಾರ್ಖಾನೆಗೆ. ಬೆನ್ನ ಹಿಂದೆ ಮರದ ಭಾರವಿದ್ದರೆ ಹೋಗಬೇಕಾದದ್ದು ಎಲ್ಲಿಗೆ ಎಂದು ಅವಕ್ಕೆ ಯಾರೂ ಹೇಳಬೇಕಾಗಿರಲಿಲ್ಲ. ಬೋರ್ಡು ಓದಲು ಅವಕ್ಕೆ ಬರುತ್ತಿರಲಿಲ್ಲ. ಗೇಟು ಬಂತು, ಎತ್ತುಗಳು ತಿರುಗಿದವು, ಕೊಂಬಿನಿಂದ ಗೇಟು ತಳ್ಳಿ ಅಂಗಳದ ನಟ್ಟನಡುವೆ ನಿಂತವು.

“ತಿರುಗಿಸಿ! ತಿರುಗಿಸಿ!” ನೌತಿಲಿಯೊ ಚೀರಿದ.

“ಕಾನಾರಿಯೊ, ದಯವಿಟ್ಟು ನಡೀರಿ” ಎಂದ ತ್ರಾಂಕಿಲಿನೊ. ಆ ಸೀಮೆಯಲ್ಲಿ ನಾಯಿಗೂ ಎತ್ತಿಗೂ ‘ನೀವು’ ಎನ್ನುತ್ತಾರೆ. ಜಗಳದಲ್ಲೂ ಬಹುವಚನ ಬಿಡುವುದಿಲ್ಲ. ಕಾನಾರಿಯೊ ಕದಲಲಿಲ್ಲ. “ಭಾರ ಇಳಿಸದೆ ಇವರು ಹೋಗಲ್ಲ ದೋನ್ ನೌತಿಲಿಯೊ. ಅದು ಇವರ ಪದ್ಧತಿ.”

ಬೆಲಾರ್ಮಿನೊ ಒಳಗಿನಿಂದ ಬಂದ. ಕೆಲಸವಿಲ್ಲದೆ ಕುದಿಯುತ್ತಿದ್ದ ಮನುಷ್ಯನ ಮುಂದೆ ಕಾರಣವೇ ಗಾಡಿಯ ಹಿಂದೆ ಬಂದು ನಿಂತಿತ್ತು.

“ನೀವು ಕತ್ತೆ ಕಣ್ರೀ” ಎಂದ.

“ಕತ್ತೆ ನೀವು! ಬೋರ್ಡು ಹಾಕಿರೋ ಕತ್ತೆ!”

“ನನ್ನನ್ನ ಸೆಪಿಯೊ ಅಂದ ಬಾಯಿ ಇದೇನಾ?”

“ನಿಮ್ಮದು ದೊಡ್ಡದು ಅಂದೆ ರೀ! ನಿಮ್ಮ ಯಂತ್ರ! ಆ ಕಬ್ಬಿಣ! ನೀವೇನು ದೊಡ್ಡವರು? ನೀವು ನನ್ನ ಭುಜದವರೆಗೂ ಬರಲ್ಲ!”

ಬೆಲಾರ್ಮಿನೊ ತಬ್ಬಿಬ್ಬಾದ. ಹದಿನೈದು ದಿನ ಕಷ್ಟಪಟ್ಟು ಸಾಕಿದ ಸಿಟ್ಟಿಗೆ ಇದ್ದಕ್ಕಿದ್ದಂತೆ ಕೂರಲು ಜಾಗವಿಲ್ಲದಾಯಿತು. ಆದರೆ ಪುರಸಭೆಯ ಕೆಲಸ ಕಳೆದುಕೊಂಡವನು ಅಷ್ಟು ಸುಲಭವಾಗಿ ಸಮಾಧಾನಗೊಳ್ಳುವುದೂ ಸಾಧ್ಯವಿರಲಿಲ್ಲ.

“ಮುಂಚೆ ಬಂದು ಹೇಳೋಕೆ ಏನಾಗಿತ್ತು ನಿಮಗೆ? ಒಬ್ಬ ಅಧ್ಯಕ್ಷನಿಗೆ ಕೋಳಿ ಅಂದುಬಿಟ್ಟೆ ನಾನು! ಈಗ ಎತ್ತಿ ಇದನ್ನ, ನನ್ನ ಅಂಗಳದಿಂದ!”

“ತಲೆ ಮೇಲೆ ಹೊತ್ಕೊಂಡು ಹೋಗ್ಲಾ?”

ಹಲಗೆ ಇಳಿಸದೆ ಎತ್ತು ಕದಲುವುದಿಲ್ಲ. ಎತ್ತು ಕದಲದೆ ಗೇಟು ಮುಚ್ಚುವುದಿಲ್ಲ. ಬೈದುಕೊಳ್ಳುತ್ತಲೇ ಇಬ್ಬರೂ ತ್ರಾಂಕಿಲಿನೊನ ಜೊತೆ ಸೇರಿ ಹಲಗೆ ಇಳಿಸಿದರು. ಭಾರ ಇಳಿದದ್ದೇ ತಡ, ಎತ್ತುಗಳು ತಿರುಗಿ ಮನೆಯ ದಾರಿ ಹಿಡಿದವು. “ಇವರಿಗೆ ನೀರಿನ ಹೊತ್ತು” ಎಂದು ತ್ರಾಂಕಿಲಿನೊ ಅವುಗಳ ಹಿಂದೆ ಹೋದ. ಅಂಗಳದಲ್ಲಿ ಉಳಿದದ್ದು ಅರ್ಧ ಬಸ್ಸಿನಷ್ಟು ಹಲಗೆ ಮತ್ತು ಇಬ್ಬರು ಸಿಟ್ಟಿನ ಗಂಡಸರು. ಗೇಟಿನ ಆಚೆ ಬೀದಿ ತುಂಬಿತ್ತು.

ಬೆಲಾರ್ಮಿನೊ ಬಗ್ಗಿ ಹಲಗೆಯ ಮೇಲೆ ಅಂಗೈ ಸವರಿದ. ಅವನಿಗೆ ಸಿಟ್ಟು ಇಮ್ಮಡಿಯಾಯಿತು.

“ಇದರ ಮೇಲೆ ಯಾರು ಉತ್ತಿದ್ದು?”

“ಕೀಸಿದ್ದು! ನಾನು!”

“ಇಂಥ ಮರದ ಮೇಲೆ ಇಂಥ ಪಾಪ ಮಾಡಿದವರನ್ನ ಜೈಲಿಗೆ ಹಾಕ್ಬೇಕು.” ಅವನು ಎದ್ದು ನಿಂತು ಬೀದಿಗೆಲ್ಲ ಕೇಳುವಂತೆ ಘೋಷಿಸಿದ: “ಎಲ್ಲರೂ ಕೇಳಿ! ನಾನು ಯಾರಿಗೂ ಯಂತ್ರ ಕೊಡ್ತಾ ಇಲ್ಲ. ಉಪಕಾರನೂ ಮಾಡ್ತಾ ಇಲ್ಲ. ಈ ಹಲಗೆ ನನ್ನ ಅಂಗಳದಲ್ಲಿ ಬಿದ್ದಿದೆ. ಎತ್ತೋಕಾಗದಷ್ಟು ಭಾರ ಇದೆ. ಅದಕ್ಕೆ ಕೀಸಿ ಹಗುರ ಮಾಡಿ ಹೊರಗೆ ಹಾಕ್ತಾ ಇದೀನಿ. ಅಷ್ಟೇ!”

“ನಾನೂ ಕೇಳ್ತಾ ಇಲ್ಲ!” ಎಂದು ನೌತಿಲಿಯೊ ಕೂಗಿ, ಹಲಗೆಯ ಒಂದು ತುದಿ ಎತ್ತಿ ಹಿಡಿದ.

ಇಬ್ಬರೂ ಹಲಗೆಯನ್ನು ಒಳಗೆ ಎಳೆದು ಯಂತ್ರದ ಬಾಯಿಗಿಟ್ಟರು. ಅದು ಅಲುಗಾಡದಂತೆ ಅಡಿಗೆ ಸಣ್ಣ ಬೆಣೆಗಳನ್ನು ಕೊಟ್ಟು ಬೆಲಾರ್ಮಿನೊ ಗುಂಡಿ ಒತ್ತಿದ. ಯಂತ್ರ ಎದ್ದಿತು. ಆ ಗದ್ದಲದಲ್ಲಿ ಸ್ವಂತ ಯೋಚನೆಯೇ ಕೇಳಿಸುವುದಿಲ್ಲ. ಹಲಗೆ ಈ ಕಡೆಯಿಂದ ಒಳಗೆ ಹೋದರೆ ಆ ಕಡೆ ಬಾಗಿಲು ದಾಟಿ ಗೇಟಿನವರೆಗೆ ಬರುತ್ತಿತ್ತು. ನೋಡಲು ಬಂದಿದ್ದವರೇ ಹಿಡಿಯಬೇಕಾಯಿತು. ತೆರ್ಸಿಲಿಯಾ ಕೂಡ ಒಂದು ಮೂಲೆ ಹಿಡಿದಳು. ಯಂತ್ರದ ಈ ಬದಿ ನೌತಿಲಿಯೊ, ಆ ಬದಿ ಬೆಲಾರ್ಮಿನೊ, ಇಬ್ಬರ ಬಾಯಿಯೂ ಬಿಡುವಿಲ್ಲದೆ ತೆರೆದು ಮುಚ್ಚುತ್ತಿತ್ತು. ಇವನು ಬೈದದ್ದು ಅವನಿಗೆ ಕೇಳದು, ಅವನು ಬೈದದ್ದು ಇವನಿಗೆ ಕೇಳದು. ಕೋಪ ಹೊರಹಾಕಲು ಇಷ್ಟು ಸೌಕರ್ಯದ ಜಾಗ ಆ ದೇಶದಲ್ಲಿ ಇನ್ನೊಂದಿರಲಿಕ್ಕಿಲ್ಲ. ಬೆಟ್ಟಗಳು ಮೊದಲು ಹೋದವು, ಆಮೇಲೆ ಕಣಿವೆಗಳು. ಹೊಟ್ಟು ಮೊಣಕಾಲಿನವರೆಗೆ ಏರಿತು. ಹೆಂಗಸರು ಚೀಲ ತಂದು ತುಂಬತೊಡಗಿದರು.

ಇನ್ನೊಂದು ಸಲ ಹಲಗೆ ಹೊರಬಂದಾಗ ನೌತಿಲಿಯೊನ ಬಾಯಿ ಅರ್ಧದಲ್ಲಿ ನಿಂತಿತು. ಮರದೊಳಗಿನ ಬಣ್ಣ ಮೇಲೆ ಬಂದಿತ್ತು: ಜೇನಿನ ಬಣ್ಣ, ನಡುವೆ ಕಾಫಿಯ ಬಣ್ಣದ ಎಳೆಗಳು. ಅಪ್ಪ ಮಧ್ಯಾಹ್ನ ಟೊಪ್ಪಿಗೆ ಮುಖದ ಮೇಲೆ ಹಾಕಿಕೊಂಡು ಅಡಿಯಲ್ಲಿ ಮಲಗುತ್ತಿದ್ದ ಮರ ಅದು. ಅಷ್ಟು ವರ್ಷ ನೋಡಿದರೂ ಅದರ ಒಳಗೆ ಇದಿತ್ತು ಎಂದು ಯಾರಿಗೆ ಗೊತ್ತಿತ್ತು? ಹೇಗೂ ಯಾರಿಗೂ ಕೇಳಿಸುವುದಿಲ್ಲ ಎಂಬ ಧೈರ್ಯದಿಂದ ಅವನು ಬಾಯಿ ತೆರೆದು ಶಕ್ತಿಯಿದ್ದಷ್ಟೂ ಕೂಗಿದ. ಅದೇ ಹೊತ್ತಿಗೆ ಕೆಲಸ ಮುಗಿಯಿತೆಂದು ಬೆಲಾರ್ಮಿನೊ ಗುಂಡಿ ಒತ್ತಿ ಯಂತ್ರ ನಿಲ್ಲಿಸಿದ.

“...ನಿಮ್ಮ ಕೈಗೆ ಸಮ ಈ ಸೀಮೇಲೇ ಇಲ್ಲ, ದೋನ್ ಬೆಲಾರ್ಮಿನೊ! ಕೈಯಲ್ಲ ಇದು, ದೇವರ ವರ!”

ಬಸ್ಸಿನ ಹಾರ್ನಿನಂಥ ಆ ದನಿ ಮೌನದಲ್ಲಿ ಬೀದಿಯ ಕೊನೆಯವರೆಗೂ ಹೋಗಿ, ಚರ್ಚಿನ ಗೋಡೆಗೆ ಬಡಿದು, ಇನ್ನೊಂದು ಸಲ ಕೇಳಿಸಿತು.

ಒಂದು ಮರದ ಸುರುಳಿ ಗಾಳಿಯಲ್ಲಿ ತೇಲಿ ತೆರ್ಸಿಲಿಯಾಳ ತಲೆಯ ಮೇಲೆ ಕೂತಿತು.

“ಏನಂದ್ರಿ?” ಎಂದು ಬೆಲಾರ್ಮಿನೊ ನಿಧಾನವಾಗಿ ಕೇಳಿದ.

“ಏನಿಲ್ಲ.”

“ಏನೋ ಅಂದ್ರಿ.”

“ಕೆಮ್ಮಿದೆ!”

ಕಿವಿಯಲ್ಲಿ ಕಾಫಿಪುಡಿ ಇದೆ ಎನ್ನಿಸಿಕೊಂಡಿದ್ದ ತೆರ್ಸಿಲಿಯಾ ಈ ಸಲ ಒಂದು ಸೊನ್ನೆಯನ್ನೂ ಬೀಳಲು ಬಿಡಲಿಲ್ಲ. ಅಕ್ಷರ ಅಕ್ಷರ ಹೆಕ್ಕಿಕೊಂಡು ಅಂಗಡಿಗೆ ಓಡಿದಳು. ಬೆಲಾರ್ಮಿನೊ ಗೇಟಿನ ಹತ್ತಿರ ಹೋಗಿ, ಬೋರ್ಡು ಕಿತ್ತು, ನೌತಿಲಿಯೊನ ಕೈಯಲ್ಲಿಟ್ಟ.

“ಇದು ಇನ್ನು ನಿಮ್ಮ ಮನೆಗೆ ಬೇಕಾಗುತ್ತೆ” ಎಂದ. ಆ ಹದಿನೈದು ದಿನಗಳಲ್ಲಿ ಅವನ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು.

ಕಾಲುಗಳನ್ನೂ ಬೆಲಾರ್ಮಿನೊನೇ ಕೂರಿಸಿದ. ಅಂಥ ಹಲಗೆಗೆ ನೌತಿಲಿಯೊ ಕಾಲು ಮಾಡುವುದನ್ನು ಕಂಡು ಸುಮ್ಮನಿರಲು ತನ್ನಿಂದಾಗದು, ಇದೂ ಉಪಕಾರವಲ್ಲ ಎಂದು ಹೇಳಿಯೇ ಕೂರಿಸಿದ. ಎದುವಿಹೆಸ್ ಅಜ್ಜಿ ಬಂದು ಮೇಜಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಕೈ ಸವರಿಕೊಂಡು ನಡೆದಳು. ನಡುವೆ ಒಂದು ಕಡೆ ನಿಂತು, ಕಾಫಿ ಬಣ್ಣದ ಎಳೆಯೊಂದನ್ನು ಬೆರಳಿನಿಂದ ಅದರ ಕೊನೆಯವರೆಗೂ ಹಿಂಬಾಲಿಸಿದಳು. ಆಮೇಲೆ ಹಂಡೆಯನ್ನು ತರಿಸಿ ಅಲ್ಲೇ ಇಡಿಸಿದಳು.

“ಕೈಯಾರೆ ಮಾಡ್ತೀನಿ ಅಂದಿದ್ರಿ” ಎಂದಳು ಮಗನಿಗೆ.

“ಬಾಯಾರೆ ಮಾಡಿದ್ರು” ಎಂದಳು ಸೆನೆಯ್ದಾ.

ಮನೆಮಂದಿಯೆಲ್ಲ ಎರಡು ಬದಿಗೆ ನಿಂತರು. ಮುಖ ಸಣ್ಣಗೆ ಮಾಡಿಕೊಂಡು ಬಂದ ಎರ್ನಾನನಿಗೆ ದಾರ ಸುತ್ತುವ ಕೆಲಸ ಸಿಕ್ಕಿತು. ಬೆಲಾರ್ಮಿನೊನನ್ನು ಎಲೆ ಒರೆಸಲು ನಿಲ್ಲಿಸಿದರು. ಅಜ್ಜಿ ಹಿಟ್ಟಿನ ರುಚಿಯನ್ನು ಎಲ್ಲರಿಗೂ ತೋರಿಸುತ್ತಾ ಬಂದಳು. ಪ್ರತಿ ವರ್ಷವೂ ಅವಳ ಹಿಟ್ಟಿಗೆ ಉಪ್ಪು ಹೆಚ್ಚು. ಪ್ರತಿ ವರ್ಷವೂ ಅದನ್ನು ಹೇಳುತ್ತಿದ್ದವನು ನೌತಿಲಿಯೊ ಒಬ್ಬನೇ.

“ಉಪ್ಪು ಹೇಗಿದೆ?” ಎಂದು ಅಜ್ಜಿ ಚಮಚ ಅವನ ಬಾಯಿಗಿಟ್ಟು ಕೇಳಿದಳು. ಅವಳ ಇನ್ನೊಂದು ಕೈ ಆ ಎಳೆಯ ಮೇಲೆಯೇ ಇತ್ತು.

ನೌತಿಲಿಯೊ ನುಂಗಿದ. ಕಣ್ಣಲ್ಲಿ ನೀರು ಬರುವಷ್ಟು ಉಪ್ಪಿತ್ತು.

“ಸರಿಯಾಗಿದೆ ಅಮ್ಮ. ಇಷ್ಟು ಹದ ಯಾವತ್ತೂ ಬಂದಿರಲಿಲ್ಲ.”

“ಸೆಪಿಯೊ!” ಎಂದು ಮೇಜಿನ ಎರಡು ಬದಿಯವರೂ ಒಟ್ಟಿಗೆ ಕೂಗಿದರು.

“ಯಾರ್ರೀ ಸೆಪಿಯೊ!” ಎಂದು ಗುಡುಗಿ ನೌತಿಲಿಯೊ ಮುಷ್ಟಿಯಿಂದ ಮೇಜನ್ನು ಗುದ್ದಿದ. ಸೆನೆಯ್ದಾ ಬೇಕೆಂದೇ ನಡುವೆ ಇಟ್ಟಿದ್ದ ನಿಂಬೆಹಣ್ಣು ಒಂದು ಸಲ ಎಗರಿ, ಇದ್ದ ಜಾಗದಲ್ಲೇ ಬಂದು ಕೂತಿತು.